ಯುಕೆ ಸಂಗಾತಿ ವೀಸಾಕ್ಕೆ ಆನ್‌ಲೈನ್ ಬ್ಯಾಂಕ್ ಸ್ಟೇಟ್‌ಮೆಂಟ್: ಸೀಲು, ಪತ್ರ, ಹೆಸರು – ನನ್ನ ಅನುಭವ

ಬ್ರಿಟಿಷ್ ಪೌರತ್ವವೋ ಯುಕೆಯ ಕಾಯಂ ವಾಸದ ಹಕ್ಕೋ ಇರುವ ಗಂಡ ಅಥವಾ ಹೆಂಡತಿಯನ್ನು ಸೇರಿಕೊಳ್ಳಲು ಇಲ್ಲಿಂದ ಹಾಕುವ ಅರ್ಜಿಯಲ್ಲಿ ಹೆಚ್ಚು ತಲೆ ತಿನ್ನುವುದು ಬ್ಯಾಂಕ್ ಸ್ಟೇಟ್‌ಮೆಂಟು. ಆ್ಯಪ್‌ನಿಂದ ಇಳಿಸಿಕೊಂಡ ಪಿಡಿಎಫ್ ಅನ್ನು ಹಾಗೇ ಅಪ್‌ಲೋಡ್ ಮಾಡಿದರೆ ಸಾಲದು. ಇದರ ನಿಯಮ ಇರುವುದು ಯುಕೆ ವಲಸೆ ನಿಯಮಗಳ ಅಪೆಂಡಿಕ್ಸ್ ಎಫ್‌ಎಂ-ಎಸ್‌ಇ ಎಂಬ ಅನುಬಂಧದಲ್ಲಿ. ಸ್ಟೇಟ್‌ಮೆಂಟ್ ಬ್ಯಾಂಕಿನ ಅಧಿಕೃತ ಕಾಗದದ ಮೇಲಿರಬೇಕು. ಎಲೆಕ್ಟ್ರಾನಿಕ್ ಆಗಿದ್ದರೆ ಒಂದೋ ಪ್ರತಿ ಪುಟದಲ್ಲೂ ಬ್ಯಾಂಕಿನ ಸೀಲು ಬೀಳಬೇಕು, ಇಲ್ಲವೇ ಅದು ಅಸಲಿ ಎಂದು ಬ್ಯಾಂಕ್ ತನ್ನ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಪತ್ರ ಜೊತೆಗಿರಬೇಕು. ಮೂರರಲ್ಲಿ ಒಂದಿದ್ದರೆ ಸಾಕು. ಯಾವ ಬ್ಯಾಂಕಿನಿಂದ ಯಾವುದು ಸಲೀಸಾಗಿ ಸಿಗುತ್ತದೆ ಎಂದು ನೋಡಿ ದಾರಿ ಆರಿಸಿಕೊಳ್ಳಬೇಕು. ನಮ್ಮವರ ಸಂಬಳ ಬರುವ ಯುಕೆ ಖಾತೆಗೆ ಅಂಚೆಯಲ್ಲಿ ತರಿಸಿದ ಕಾಗದದ ಸ್ಟೇಟ್‌ಮೆಂಟ್, ನನ್ನ ಉಳಿತಾಯವಿರುವ ಇಲ್ಲಿನ ಖಾತೆಗೆ ಸೀಲು ಮತ್ತು ಪತ್ರ ಎರಡೂ, ಹೀಗೆ ನಾನು ಜೋಡಿಸಿದೆ.

ಮೊದಲು ಎಷ್ಟು ಹಣ ತೋರಿಸಬೇಕು ಎನ್ನುವುದು ಖಚಿತವಾಗಬೇಕು. 2024ರ ಏಪ್ರಿಲ್ 11ರಿಂದ ಈ ದಾರಿಯಲ್ಲಿ ಹೊಸದಾಗಿ ಅರ್ಜಿ ಹಾಕುವವರಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ಯುಕೆ ಸಂಗಾತಿಯ ಸಂಬಳ ಅಷ್ಟು ಇಲ್ಲದಿದ್ದರೆ ಉಳಿತಾಯದಿಂದ ತುಂಬಿಸಬಹುದು. ಆದರೆ ಉಳಿತಾಯದ ಮೊದಲ 16,000 ಪೌಂಡ್ ಲೆಕ್ಕಕ್ಕೆ ಬರುವುದಿಲ್ಲ, ಮೇಲಿನದನ್ನು 2.5ರಿಂದ ಭಾಗಿಸುತ್ತಾರೆ. ಸಂಬಳ 26,000 ಎಂದುಕೊಳ್ಳಿ. ಕೊರತೆ 3,000, ಅದರ ಎರಡೂವರೆ ಪಟ್ಟು 7,500, ಅದಕ್ಕೆ 16,000 ಕೂಡಿಸಿದರೆ 23,500 ಪೌಂಡ್ ಉಳಿತಾಯ ಬೇಕಾಯಿತು. ಸಂಬಳವೇ ಇಲ್ಲದೆ ಉಳಿತಾಯದ ಮೇಲೆ ನಿಲ್ಲುವುದಾದರೆ 88,500. ಈ ಹಣ ಅರ್ಜಿಗೆ ಮುಂಚಿನ ಆರು ತಿಂಗಳು ಪೂರ್ತಿ ಖಾತೆಯಲ್ಲಿರಬೇಕು. ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಆ ಕೆಳಗಿನ ಅಂಕಿಯೇ ನಿಮ್ಮ ಅಂಕಿ. ರೂಪಾಯಿಯನ್ನು ಅರ್ಜಿಯ ದಿನ ಓಆಂಡಾ ಎಂಬ ಜಾಲತಾಣ ತೋರಿಸುವ ವಿನಿಮಯ ದರದಲ್ಲಿ ಪೌಂಡಿಗೆ ಬದಲಿಸುತ್ತಾರೆ. ಆ ದಿನದ ದರ ಮೊದಲೇ ತಿಳಿಯುವುದಿಲ್ಲವಾದ್ದರಿಂದ ಬೇಕಾದ ಮೊತ್ತಕ್ಕಿಂತ ಶೇಕಡಾ ಹತ್ತರಷ್ಟಾದರೂ ಹೆಚ್ಚು ಇಡುವುದು ಕ್ಷೇಮ.

ನಮ್ಮ ಕಡೆಯವರ ಕಾಗದ ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಉಳಿತಾಯದ ಖಾತೆ ಅರ್ಜಿದಾರರ ಹೆಸರಿನಲ್ಲಿ, ಸಂಗಾತಿಯ ಹೆಸರಿನಲ್ಲಿ ಅಥವಾ ಇಬ್ಬರ ಜಂಟಿ ಹೆಸರಿನಲ್ಲಿ ಇರಬೇಕು. ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಜಂಟಿಯಾಗಿ ತೆರೆದ ಖಾತೆ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಇಲ್ಲಿ ಅದು ನಡೆಯುವುದಿಲ್ಲ. ತವರಿನವರು ಕೊಟ್ಟ ಹಣವಾದರೆ ಒಂಟಿ ಹೆಸರಿನ ಖಾತೆಗೆ ಹಾಕಿಸಿಕೊಂಡು ಅಲ್ಲಿಂದ ಆರು ತಿಂಗಳು ಎಣಿಸಿ. ಇನ್ನೊಂದು ತೊಡಕು ಇನಿಷಿಯಲ್‌ನದು. ಪಾಸ್‌ಬುಕ್ಕಿನಲ್ಲಿ ‘ಸುಮಾ ಕೆ.ಎಸ್.’, ಪಾಸ್‌ಪೋರ್ಟಿನಲ್ಲಿ ಊರ ಹೆಸರು, ತಂದೆಯ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಸ್ಟೇಟ್‌ಮೆಂಟ್ ತೆಗೆಸುವ ಮುಂಚೆಯೇ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಕೆವೈಸಿಯಲ್ಲಿ ಹೆಸರು ಸರಿಪಡಿಸಿಕೊಳ್ಳಿ. ಅಷ್ಟು ಸಮಯವಿಲ್ಲ ಎಂದಾದರೆ ‘ಈ ಖಾತೆದಾರರು ಮತ್ತು ಇಂಥ ಸಂಖ್ಯೆಯ ಪಾಸ್‌ಪೋರ್ಟ್ ಹೊಂದಿರುವವರು ಒಬ್ಬರೇ’ ಎಂಬ ಸಾಲನ್ನು ಬ್ಯಾಂಕಿನ ಪತ್ರದಲ್ಲೇ ಸೇರಿಸಿಸಿ.

ಹಣ ಎಲ್ಲಿದೆ ಎಂಬುದೂ ಮುಖ್ಯ. ಎಫ್‌ಡಿ ನಡೆಯುತ್ತದೆ, ದಂಡ ಕೊಟ್ಟಾದರೂ ಬೇಕೆಂದಾಗ ಮುರಿಯಲು ಬರುವಂತಿದ್ದರೆ. ಐದು ವರ್ಷದ ತೆರಿಗೆ ಉಳಿಸುವ ಎಫ್‌ಡಿ ಹಾಗೆ ಮುರಿಯಲು ಬರುವುದಿಲ್ಲ, ಅದನ್ನು ಬಿಡಿ. ಸೌಹಾರ್ದ ಸಹಕಾರಿ, ಪತ್ತಿನ ಸಂಘಗಳ ಠೇವಣಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಯಂತ್ರಣಕ್ಕೆ ಒಳಪಟ್ಟ ಹಣಕಾಸು ಸಂಸ್ಥೆಯಾಗಿರಬೇಕು ಎನ್ನುತ್ತದೆ ನಿಯಮ. ಅವು ಆರ್‌ಬಿಐ ಕೆಳಗಿನ ಬ್ಯಾಂಕುಗಳಲ್ಲ. ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೆಸರಿನ ಹಳೆಯ ಠೇವಣಿ ರಸೀದಿ ಇದ್ದರೆ ಈಗಿನ ಬ್ಯಾಂಕಿನ ಹೆಸರಿನಲ್ಲಿ ಹೊಸದು ಪಡೆಯಿರಿ. ಸೇವಿಂಗ್ಸ್ ಖಾತೆಗೆ ಆಟೋ ಸ್ವೀಪ್ ಇರುವವರು ಇನ್ನೂ ಹುಷಾರಾಗಿರಬೇಕು. ಮಿತಿ ಮೀರಿದ ಹಣ ತಾನೇ ಠೇವಣಿಗೆ ಹೋಗಿಬಿಡುವುದರಿಂದ ಸ್ಟೇಟ್‌ಮೆಂಟಿನಲ್ಲಿ ಖಾತೆ ಬರಿದಾದಂತೆ ಕಾಣುತ್ತದೆ. ಆ ಠೇವಣಿಯ ಸ್ಟೇಟ್‌ಮೆಂಟನ್ನೂ ಅದೇ ಆರು ತಿಂಗಳಿಗೆ ತೆಗೆಸಿ, ಅದಕ್ಕೂ ಸೀಲು ಹಾಕಿಸಿ, ಒಂದರಿಂದ ಹೋದ ಮೊತ್ತ ಇನ್ನೊಂದಕ್ಕೆ ಬಂದದ್ದು ಕಣ್ಣಿಗೆ ಕಾಣುವಂತೆ ಜೊತೆಗಿಡಿ.

ಇನ್ನು ಶಾಖೆಯ ಕೆಲಸ. ಮನೆಯಲ್ಲಿ ಪ್ರಿಂಟ್ ಮಾಡಿದ ಹಾಳೆ ಕೊಂಡೊಯ್ದರೆ ‘ಇದು ಕಂಪ್ಯೂಟರ್ ಮುದ್ರಿತ, ಸಹಿ ಬೇಕಿಲ್ಲ ಅಂತ ಕೆಳಗೇ ಬರೆದಿದೆಯಲ್ಲ’ ಎಂದು ಕೌಂಟರಿನಲ್ಲಿ ಕೈ ಚೆಲ್ಲುತ್ತಾರೆ. ನೀವು ತಂದ ಹಾಳೆಗೆ ಸೀಲು ಹಾಕಲು ಅವರು ಹಿಂಜರಿಯುವುದು ನ್ಯಾಯವೇ, ಯಾಕೆಂದರೆ ಅದರಲ್ಲಿ ಏನು ತಿದ್ದಿದ್ದೀರಿ ಎಂದು ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಹೋಮ್ ಬ್ರಾಂಚಿಗೇ ಹೋಗಿ, ಮ್ಯಾನೇಜರ್ ಹೆಸರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಅವರ ಸಿಸ್ಟಮ್‌ನಿಂದಲೇ ಪ್ರಿಂಟ್ ತೆಗೆದುಕೊಡಲು ಕೇಳಿದೆ. ಶುಲ್ಕ ಇದ್ದರೆ ಖಾತೆಯಿಂದ ಕಳೆದುಕೊಳ್ಳುತ್ತಾರೆ. ತಿಂಗಳ ಮೊದಲ ವಾರ, ಸೋಮವಾರ, ರಜೆಯ ಮರುದಿನ ಹೋಗಬೇಡಿ. ಪ್ರತಿ ಪುಟಕ್ಕೂ ಶಾಖೆಯ ರೌಂಡ್ ಸೀಲು, ಅಧಿಕಾರಿಯ ಸಹಿ ಬೀಳುವವರೆಗೆ ಅಲ್ಲೇ ನಿಂತು ನೋಡಿ. ಕೊನೆಯ ಪುಟಕ್ಕೆ ಮಾತ್ರ ಸೀಲು ಹಾಕಿ ಕೊಡುವುದು ರೂಢಿ, ಆದರೆ ನಿಯಮ ಹೇಳುವುದು ‘ಪ್ರತಿ ಪುಟ’. ಸೀಲು ಖಾಲಿ ಅಂಚಿನಲ್ಲಿ ಬೀಳಲಿ. ಅಂಕಿಯ ಮೇಲೆ ಬಿದ್ದರೆ ಸ್ಕ್ಯಾನಿನಲ್ಲಿ ಎರಡೂ ಓದಲಾಗುವುದಿಲ್ಲ.

ಪತ್ರದ ಕರಡನ್ನು ನಾನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕೊಟ್ಟೆ. ಖಾಲಿ ಕೈಯಲ್ಲಿ ಹೋದರೆ ಸಿಗುವುದು ಬರೀ ಬ್ಯಾಲೆನ್ಸ್ ಸರ್ಟಿಫಿಕೇಟು, ಅದು ಒಂದು ದಿನದ ಮೊತ್ತ ಹೇಳುತ್ತದೆ ಅಷ್ಟೆ. ಕರಡಿನಲ್ಲಿ ಖಾತೆದಾರರ ಪೂರ್ಣ ಹೆಸರು, ಖಾತೆ ಸಂಖ್ಯೆ, ಸ್ಟೇಟ್‌ಮೆಂಟಿನ ಅವಧಿ, ಒಟ್ಟು ಪುಟಗಳು, ಲಗತ್ತಿಸಿದ ಸ್ಟೇಟ್‌ಮೆಂಟ್ ಬ್ಯಾಂಕಿನ ದಾಖಲೆಯಿಂದ ತೆಗೆದದ್ದು ಮತ್ತು ಅಸಲಿ ಎಂಬ ನೇರ ಸಾಲು, ಅಧಿಕಾರಿಯ ಹೆಸರು, ಹುದ್ದೆ, ತಾರೀಖು, ಶಾಖೆಯ ಫೋನ್ ಮತ್ತು ಇಮೇಲ್ ಇರಲಿ. ಪರಿಶೀಲನೆಗೆ ವೀಸಾ ಅಧಿಕಾರಿಗಳು ಕೇಳಿದರೆ ಉತ್ತರ ಹೋಗಬೇಕಾದ್ದು ಆ ಇಮೇಲ್‌ನಿಂದ. ಕನ್ನಡ, ಹಿಂದಿ ಬರಹವಿರುವ ಪಾಸ್‌ಬುಕ್ ಪುಟ ಸೇರಿಸಿದರೆ ಅದಕ್ಕೆ ಪ್ರಮಾಣೀಕೃತ ಅನುವಾದ ಬೇಕಾಗುತ್ತದೆ. ಅದರ ಗೊಡವೆಗೆ ಹೋಗದಿರುವುದೇ ಲೇಸು.

ಇಮೇಲ್‌ನಲ್ಲಿ ಬರುವ ಪಿಡಿಎಫ್‌ಗೆ ಡಿಜಿಟಲ್ ಸಹಿ ಇರುತ್ತದಲ್ಲ, ಅದನ್ನೇ ಕಳಿಸಿದರಾಗದೇ ಎಂದು ಹಲವರು ಕೇಳುತ್ತಾರೆ. ಪಾಸ್‌ವರ್ಡ್ ತೆಗೆಯಲು ಮತ್ತೆ ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿದ ಕೂಡಲೇ ಆ ಸಹಿ ಬರೀ ಚಿತ್ರವಾಗುತ್ತದೆ. ಮುಟ್ಟದೆ ಹಾಗೇ ತೆರೆದರೂ ಎಷ್ಟೋ ಕಂಪ್ಯೂಟರುಗಳಲ್ಲಿ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಅದನ್ನು ನಂಬಿ ಕೂರಬೇಡಿ. ಸೀಲು ಬಿದ್ದ ಹಾಳೆಯನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಒಂದು ಖಾತೆಗೆ ಒಂದೇ ಫೈಲು, ಪತ್ರ ಮೊದಲು, ಸ್ಟೇಟ್‌ಮೆಂಟ್ ಆಮೇಲೆ. ಕಪ್ಪು-ಬಿಳುಪಿನಲ್ಲಿ ನೇರಳೆ ಸೀಲು ಮಸುಕಾಗಿ ಕೊಳೆಯಂತೆ ಕಾಣುತ್ತದೆ.

ಯುಕೆ ಕಡೆ ಶಾಖೆಗಳೇ ಕಡಿಮೆಯಾಗುತ್ತಿವೆ, ಇರುವ ಕಡೆಯೂ ಸೀಲು ಹಾಕಲು ಒಪ್ಪದವರಿದ್ದಾರೆ. ಆನ್‌ಲೈನ್ ಬ್ಯಾಂಕಿಂಗ್‌ನಲ್ಲೇ ಹಳೆಯ ತಿಂಗಳುಗಳ ಕಾಗದದ ಪ್ರತಿಗೆ ಆರ್ಡರ್ ಹಾಕಿ ಅಂಚೆಯಲ್ಲಿ ತರಿಸಿದರೆ ಅದು ಅಧಿಕೃತ ಕಾಗದವೇ ಆಯಿತು, ಸೀಲಿನ ಮಾತೇ ಇಲ್ಲ. ಪೇಪರ್‌ಲೆಸ್ ಆಯ್ಕೆ ತೆಗೆದರೆ ಬರುವುದು ಮುಂದಿನ ತಿಂಗಳುಗಳದ್ದು ಮಾತ್ರ, ಅದನ್ನು ಬೇಗನೆ ಮಾಡಿಡಿ. ಶಾಖೆಯೇ ಇಲ್ಲದ ಆ್ಯಪ್ ಬ್ಯಾಂಕಾದರೆ ಚಾಟ್‌ನಲ್ಲಿ ಲೆಟರ್‌ಹೆಡ್ ಪತ್ರ ಕೇಳಿ. ಸಂಬಳ ಚೀಟಿಯಲ್ಲಿ ಕೈಗೆ ಬಂದ ಮೊತ್ತವೂ ಸ್ಟೇಟ್‌ಮೆಂಟಿನಲ್ಲಿ ಜಮೆಯಾದ ಮೊತ್ತವೂ ಪೆನ್ನಿಯವರೆಗೆ ತಾಳೆಯಾಗಬೇಕು. ಸಂಬಳ ಎರಡು ಖಾತೆಗೆ ಹಂಚಿಹೋಗುತ್ತಿದ್ದರೆ ಎರಡರದ್ದೂ ಕೊಡಿ. ಸಂಬಳ ಚೀಟಿ ಕಂಪನಿ ಪೋರ್ಟಲ್‌ನದಾದರೆ ಅವು ಅಸಲಿ ಎಂಬ ಸಾಲನ್ನು ಉದ್ಯೋಗದಾತರ ಪತ್ರದಲ್ಲಿ ಸೇರಿಸಿಸಿ.

ತಾರೀಖಿನ ವಿಷಯಕ್ಕೆ ಬಂದರೆ, ಸರಣಿಯ ಕೊನೆಯ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕಿಂತ 28 ದಿನಕ್ಕೂ ಹಿಂದಿನದಾಗಿರಬಾರದು. ಅರ್ಜಿಯ ದಿನವೆಂದರೆ ಶುಲ್ಕ ಕಟ್ಟಿದ ದಿನ, ಬೆಂಗಳೂರಿನ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟ ದಿನವಲ್ಲ. ಸೀಲು ಹಾಕಿಸಿದ ಕಟ್ಟು ಕೈಗೆ ಬಂದ ಮೇಲೆಯೇ ಶುಲ್ಕ ಕಟ್ಟಿ. ನಡುವಿನ ಒಂದು ತಿಂಗಳು ಬಿಟ್ಟುಹೋಗಿದ್ದರೆ ವೀಸಾ ಅಧಿಕಾರಿ ಕೇಳಿ ತರಿಸಿಕೊಳ್ಳಬಹುದು, ಕೇಳಲೇಬೇಕೆಂದೇನಿಲ್ಲ. ಪುಟ ಸಂಖ್ಯೆ ಒಂದೊಂದನ್ನೂ ಬೆರಳಿಟ್ಟು ಎಣಿಸಿ ಅಪ್‌ಲೋಡ್ ಮಾಡಿ, ತೀರ್ಮಾನ ಬರುವವರೆಗೂ ಅಸಲಿ ಕಟ್ಟನ್ನು ಹೊಲಿಗೆ ಬಿಚ್ಚದೆ ಇಟ್ಟುಕೊಳ್ಳಿ.