ವಾಂಡರ್ ಅನ್ನೋ ಪದ ಎಲ್ಲಿ, ಹೇಗೆ ಬಳಸೋದು

ವಾಂಡರ್ ಅಂದ್ರೆ ಬರೀ ನಡೆಯೋದಲ್ಲ, ಇಂಥ ಕಡೆಗೇ ಹೋಗ್ಬೇಕು ಅಂತ ಇಲ್ದೆ ಸುತ್ತೋದು, ನಮ್ಮ ಅಲೆದಾಡು, ಅಡ್ಡಾಡು ಇದೆಯಲ್ಲ, ಹಂಗೆ. ಆಫೀಸಿಗೆ ನಡ್ಕೊಂಡು ಹೋದೆ ಅನ್ನೋಕೆ ಇದನ್ನ ಹಾಕ್ಬೇಡಿ, ಅಲ್ಲಿ ವಾಕ್ ಸಾಕು.

ಮೊದ್ಲು ಸ್ಪೆಲ್ಲಿಂಗ್ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ತುಂಬಾ ಜನ ಎಡವೋದು ಇಲ್ಲೇ. ಡಬ್ಲ್ಯೂ ಆದ್ಮೇಲೆ ಎ ಬಂದ್ರೆ ಅಲೆಯೋದು, ಓ ಬಂದ್ರೆ ವಂಡರ್, ಅಂದ್ರೆ ಓಹೋ ಅಂತ ಆಶ್ಚರ್ಯ ಪಡೋದು, ಇಲ್ಲಾ ಹೀಗಿರಬಹುದಾ ಅಂತ ಯೋಚಿಸೋದು. ಮೇಲ್‌ನಲ್ಲಿ "ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್" ಅಂತ ವಿನಯದಿಂದ ಕೇಳೋ ಜಾಗದಲ್ಲಿ ಎ ಹಾಕ್ಬಿಟ್ರೆ, ನೀವು ಸಹಾಯ ಮಾಡ್ತೀರಾ ಅಂತ ನಾನು ಅಲೀತಿದ್ದೆ ಅಂದಂಗಾಗುತ್ತೆ. ಕಳ್ಸೋ ಮುಂಚೆ ಆ ಒಂದು ಅಕ್ಷರ ನೋಡ್ಕೊಳ್ಳಿ.

ವಾಕ್ಯದಲ್ಲಿ ಇದ್ರ ಜೊತೆ ಅರೌಂಡ್, ಥ್ರೂ ಜಾಸ್ತಿ ಬರುತ್ತೆ: "ವಿ ವಾಂಡರ್ಡ್ ಅರೌಂಡ್ ದಿ ಮಾರ್ಕೆಟ್". ಏನೂ ಸೇರಿಸ್ದೆ "ವಾಂಡರ್ ದಿ ಸ್ಟ್ರೀಟ್ಸ್" ಅಂದ್ರೂ ಸರೀನೇ. ಜೊತೆಗೆ ಆಫ್ ಬಂತೋ, ಅರ್ಥ ಸ್ವಲ್ಪ ಗಂಭೀರ ಆಗುತ್ತೆ, ಇರಬೇಕಾದ ಜಾಗ ಬಿಟ್ಟು ಹೋಗೋದು ಅಂತ, ಗುಂಪಲ್ಲಿ ಮಗು ಯಾರಿಗೂ ಹೇಳ್ದೆ ಎಲ್ಲೋ ಹೋಗ್ಬಿಟ್ರೆ "ದಿ ಚೈಲ್ಡ್ ವಾಂಡರ್ಡ್ ಆಫ್" ಅಂತಾರೆ.

ನಂಗೆ ತುಂಬಾ ಇಷ್ಟ ಆಗೋದು ಕಾಲಿಲ್ಲದ ಅಲೆದಾಟ. "ಮೈ ಮೈಂಡ್ ವಾಂಡರ್ಡ್" ಅಂದ್ರೆ ಕೂತಲ್ಲೇ ಕೂತಿದ್ದೆ, ಮನಸ್ಸು ಎಲ್ಲೆಲ್ಲೋ ಹೋಯ್ತು ಅಂತ. ಮಾತು ವಿಷ್ಯ ಬಿಟ್ಟು ಹೋದ್ರೂ ವಾಂಡರ್, ಕಣ್ಣು ಅತ್ತಿತ್ತ ಓಡಾಡಿದ್ರೂ ವಾಂಡರ್. ಪ್ಲಾನೆಟ್ ಅನ್ನೋ ಪದಾನೂ ಗ್ರೀಕ್‌ನಲ್ಲಿ ಅಲೆಮಾರಿ ಅನ್ನೋ ಅರ್ಥದಿಂದ್ಲೇ ಬಂದಿದ್ದು, ನಕ್ಷತ್ರಗಳೆಲ್ಲ ಒಂದಕ್ಕೊಂದು ಅದೇ ದೂರದಲ್ಲಿ ಕಾಣ್ತಿರುವಾಗ ಗ್ರಹಗಳು ಮಾತ್ರ ಅವುಗಳ ಮಧ್ಯೆ ಜಾಗ ಬದಲಾಯಿಸ್ತಾ ಇದ್ವಲ್ಲ, ಅದಕ್ಕೆ.

ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಇದು ನಾಮಪದಾನೂ ಹೌದು, "ಲೆಟ್ಸ್ ಗೋ ಫಾರ್ ಎ ವಾಂಡರ್" ಅಂದ್ರೆ ಸುಮ್ನೆ ಒಂದು ಸುತ್ತು ಹಾಕ್ಕೊಂಡು ಬರೋಣ ಅಂತ.

ಇದ್ರ ಹತ್ರದ ಪದಗಳನ್ನೂ ನೋಡಿ. ಆರಾಮಾಗಿ, ಖುಷಿಗೆ ಕಾಲಾಡಿಸೋದು ಸ್ಟ್ರೋಲ್. ದೊಡ್ಡ ಜಾಗದಲ್ಲಿ ಸ್ವತಂತ್ರವಾಗಿ ತಿರುಗೋದು ರೋಮ್, ಮೊಬೈಲ್ ರೋಮಿಂಗ್ ಬಂದಿದ್ದೂ ಅದ್ರಿಂದ್ಲೇ. ದಾರಿ ತಪ್ಪಿ ಹೋಗೋದು ಸ್ಟ್ರೇ. ಹೊಸ ಊರಲ್ಲಿ ಮ್ಯಾಪ್ ಜೇಬಿಗಿಟ್ಟು ಕಂಡ ಗಲ್ಲಿಗೆಲ್ಲ ನುಗ್ಗಿದ್ರಾ, ಅದಕ್ಕೆ ವಾಂಡರ್ ಅಂತ್ಲೇ ಬರೀರಿ.