ಹಳೇ ಶೇವಿಂಗ್ ಸೋಪು: ಕೋಲಾರದ ಕಡೆ ಹುಡುಕುವುದು, ಬೋರ್‌ವೆಲ್ ನೀರಿನ ಊರಲ್ಲಿ ನೊರೆ ತರಿಸುವುದು

ಎಲ್ಲೋ ಸಿಕ್ಕ ಹಳೇ ಬಿಲ್ಲೆ ಸೋಪು ಮನೆಗೆ ತಂದು, ಬ್ರಷ್ ತಿರುಗಿಸಿ ತಿರುಗಿಸಿ ಕೈ ಸೋತು, "ಸತ್ತ ಸೋಪು" ಅಂತ ಎಸೆಯುವವರು ಕೋಲಾರ, ಬಂಗಾರಪೇಟೆ, ಚಿಂತಾಮಣಿ ಕಡೆ ಇದ್ದಾರೆ. ಎಸೆಯುವ ಮೊದಲು ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮನೆಯ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು, ಎರಡೂ ಕಾಲು ಬಾಟಲಿ. ಎರಡಕ್ಕೂ ಕಡಲೆಬೇಳೆಯಷ್ಟು ಸೋಪು ಕೆರೆದು ಹಾಕಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಮುಚ್ಚಳ ಹಾಕಿ ಜೋರಾಗಿ ಕುಲುಕಿ. ಕ್ಯಾನಿನ ನೀರಲ್ಲಿ ನೊರೆ ನಿಂತು, ಬೋರ್ ನೀರು ಮಜ್ಜಿಗೆಯಂತೆ ಕದಡಿ ಮೇಲೆ ಚೂರು ಚೂರು ತೇಲಿದರೆ ಸೋಪು ಜೀವಂತ ಇದೆ, ತಪ್ಪು ನೀರಿನದು. ಎರಡರಲ್ಲೂ ನೊರೆ ಬರದಿದ್ದರೆ ಮಾತ್ರ ಸೋಪಿನ ಮೇಲೆ ಅನುಮಾನ ಪಡಿ.

ಶೇವಿಂಗ್ ಸೋಪಿನ ಮುಖ್ಯ ಸರಕು ಸ್ಟಿಯರಿಕ್ ಆಮ್ಲ. ಅದಕ್ಕೆ ಪೊಟ್ಯಾಶ್ ಮತ್ತು ಕಾಸ್ಟಿಕ್ ಸೋಡಾ ಎರಡನ್ನೂ ಸೇರಿಸಿ ಮಾಡುತ್ತಾರೆ. ಪೊಟ್ಯಾಶ್‌ನಿಂದ ಸೋಪು ಮೆದುವಾಗಿ ಬೇಗ ಕರಗುತ್ತದೆ, ಸೋಡಾದಿಂದ ಗಟ್ಟಿ ನಿಲ್ಲುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಸೋಪನ್ನು ಹಿಡಿದು ಕರಗದ ಜಿಡ್ಡು ಮಾಡಿಬಿಡುತ್ತವೆ. ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಕಟ್ಟುವುದೂ ಇದೇ ಬಾಬತ್ತು. ನೀರು ಕುದಿಸಿದರೆ ಬೈಕಾರ್ಬನೇಟ್‌ನಿಂದಾದ ಗಡಸು ಇಳಿಯುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್‌ನಿಂದಾದದ್ದು ಹಾಗೇ ಉಳಿಯುತ್ತದೆ. ನಿಂಬೆರಸ ಹಿಂಡಿ ಸರಿಮಾಡಲು ಹೋಗಬೇಡಿ. ಹುಳಿ ಹೆಚ್ಚಾದರೆ ಸೋಪೇ ಒಡೆದು ಕೊಬ್ಬಿನ ಆಮ್ಲವಾಗುತ್ತದೆ. ಕ್ಯಾನಿನ ನೀರು ಒಂದು ಲೋಟ, ಅಂದರೆ 200 ಮಿಲಿ, ಒಂದು ಶೇವಿಗೆ ಧಾರಾಳ. ಬ್ರಷ್ ನೆನೆಸುವುದು, ನೊರೆ ಮಾಡುವುದು, ಎರಡನೇ ಸಲಕ್ಕೆ ಮುಖ ಒದ್ದೆ ಮಾಡುವುದು ಎಲ್ಲ ಇದರಲ್ಲೇ. ಕೊನೆಗೆ ಮುಖ ತೊಳೆಯಲು ಬೋರ್ ನೀರೇ ಆದೀತು.

ಎಲ್ಲಿ ಸಿಗುತ್ತದೆ

ಕೆಜಿಎಫ್ ಕಡೆ ಮೊದಲು ನೋಡಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿದ ಊರು ಅದು, 2001ರಲ್ಲಿ ಗಣಿ ಮುಚ್ಚಿತು. ಅಂಥ ಊರಲ್ಲಿ ಹಳೇ ಮನೆ ಖಾಲಿ ಮಾಡುವಾಗ ಪಿಂಗಾಣಿ ಮಗ್ಗು, ಸೇಫ್ಟಿ ರೇಜರ್, ಸ್ಟಿಕ್ ಸೋಪಿನ ಡಬ್ಬಿ ಇಂಥವು ಗುಜರಿಗೆ ಬೀಳುತ್ತವೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಗುಜರಿ ಅಂಗಡಿಗಳಲ್ಲಿ "ಹಳೇ ಸೋಪು ಇದೆಯಾ" ಅಂದರೆ ಇಲ್ಲ ಅಂತಾರೆ. "ಹಳೇ ಶೇವಿಂಗ್ ಸೆಟ್ಟು ಇದೆಯಾ" ಅಂತ ಕೇಳಿ. ಸೋಪು ಅದರ ಜೊತೆಯಲ್ಲೇ ಬರುತ್ತದೆ.

ಎರಡನೆಯದು ಪೇಟೆಬೀದಿಯ ಹಳೇ ಫ್ಯಾನ್ಸಿ ಸ್ಟೋರು ಮತ್ತು ಕಟಿಂಗ್ ಶಾಪ್‌ಗಳಿಗೆ ಸಾಮಾನು ಕೊಡುವ ಅಂಗಡಿ. ಟ್ಯೂಬಿನ ಕ್ರೀಮು, ಆಮೇಲೆ ಫೋಮು ಬಂದಮೇಲೆ ಓಡದೆ ಉಳಿದ ಮಾಲು ಅಟ್ಟದ ಮೇಲಿರುತ್ತದೆ. ಗೋದ್ರೇಜ್‌ನ ಬಿಲ್ಲೆ ಸೋಪನ್ನು ಕಟಿಂಗ್ ಶಾಪಿನವರೇ ಹೆಚ್ಚು ಬಳಸುತ್ತಿದ್ದರು, ಹಾಗಾಗಿ ಹಳೇ ಶಾಪಿನ ಡ್ರಾಯರ್ ಕೂಡ ಕೇಳಿ ನೋಡುವ ಜಾಗವೇ. ಮೂರನೆಯದು ಬೆಂಗಳೂರಿನ ಚಿಕ್ಕಪೇಟೆ ಹತ್ತಿರದ ಭಾನುವಾರದ ಸಂತೆ. ಬೆಳಗ್ಗೆ ಬೇಗ ಹೋಗದಿದ್ದರೆ ಹೋಗಲೇಬೇಡಿ.

ಎಷ್ಟು ಹಳೆಯದು ಅನ್ನುವುದನ್ನು ಮಾರುವವರ ಬಾಯಿಂದ ಕೇಳಬೇಡಿ, ಡಬ್ಬಿಯ ವಿಳಾಸ ಓದಿ. ಬೆಲೆ "ನಯೇ ಪೈಸೆ"ಯಲ್ಲಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ "ಮೈಸೂರು ಸ್ಟೇಟ್" ಅಂತಿದ್ದರೆ 1973ರ ನವೆಂಬರ್‌ಗೆ ಮುಂಚಿನ ಛಾಪು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು, ಬಾಂಬೆ ಎಂದಿದ್ದರೆ ಸಾಮಾನ್ಯವಾಗಿ 1995ಕ್ಕೆ ಹಿಂದಿನದು. "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂಬ ಸಾಲು 1990ರ ಹಿಂದಿನ ಗುರುತು. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಆಮೇಲೆ ಬಂತು. ಅಮೆರಿಕದ ಓಲ್ಡ್ ಸ್ಪೈಸ್ ಮಗ್ಗಿನಲ್ಲಿ ಅದರ ಮೂಲ ತಯಾರಕ ಕಂಪನಿ ಶಲ್ಟನ್ ಹೆಸರೊಂದೇ ಇದ್ದರೆ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಆ ಕಂಪನಿ ಕೊಂಡ 1990ಕ್ಕಿಂತ ಹಿಂದಿನದು. ಮಗ್ಗಿಗೆ ದುಡ್ಡು ಕೊಡಿ, ಒಳಗಿನ ಅರ್ಧ ಸವೆದ ಸೋಪಿಗಲ್ಲ.

ಕೊಳ್ಳುವ ಮುಂಚೆ

ಮೂಗೇ ಮೊದಲ ಉಪಕರಣ. ಒಳ್ಳೇ ಹಳೇ ಸೋಪಿನಲ್ಲಿ ಪರಿಮಳ ಇಲ್ಲದಿರಬಹುದು, ನಾತ ಇರಬಾರದು. ನಿಂಬೆ, ಲ್ಯಾವೆಂಡರ್ ಮೊದಲು ಹಾರಿಹೋಗುತ್ತವೆ. ಗಂಧ, ಕಸ್ತೂರಿಯಂಥ ತಳದ ವಾಸನೆ ನಿಂತಿರುತ್ತದೆ. ಕರಿದು ಉಳಿದ ಹಳೇ ಎಣ್ಣೆಯ ಕಮಟು ಬಂದರೆ, ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ, ಕೊಬ್ಬು ಕೆಟ್ಟಿದೆ. ಚುಕ್ಕೆ ಮೇಲುಮೇಲೆ ಇದ್ದರೆ ಕೆರೆಯಬಹುದು, ಉಗುರಲ್ಲಿ ಕೆರೆದಷ್ಟೂ ಒಳಗೆ ಹೋಗುತ್ತಿದ್ದರೆ ಬಿಡಿ. ಬಿರುಕು ಬಿಟ್ಟಿದ್ದರೆ ಹೆದರಬೇಕಿಲ್ಲ, ನೀರಿನಂಶ ಒಣಗಿದೆ ಅಷ್ಟೆ. ಟ್ಯೂಬಿನ ಹಳೇ ಕ್ರೀಮು ಮಾತ್ರ ಕೊಳ್ಳಬೇಡಿ: ಅದರಲ್ಲಿ ನೀರು ಜಾಸ್ತಿ, ಒಡೆದು ನೀರು ಬೇರೆ ಗಸಿ ಬೇರೆ ಆಗಿರುತ್ತದೆ.

ಲೇಬಲ್ಲಿನಲ್ಲಿ ಹೆಕ್ಸಾಕ್ಲೋರೋಫೀನ್ ಅಥವಾ ಜಿ-11 (ಎರಡೂ ಒಂದೇ ಕ್ರಿಮಿನಾಶಕದ ಹೆಸರು) ಅಂತಿದ್ದರೆ ಮುಖಕ್ಕೆ ಹಚ್ಚಬೇಡಿ. ಅಮೆರಿಕದಲ್ಲಿ 1972ರಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದರು. "ಸೋಡಿಯಂ ಟ್ಯಾಲೋವೇಟ್" ಅಂದರೆ ಪ್ರಾಣಿ ಕೊಬ್ಬು. ವಿದೇಶದ ಹಳೇ ಸೋಪುಗಳಲ್ಲಿ ಇದು ಮಾಮೂಲು, ಬೇಡದವರು ಓದಿ ಕೊಳ್ಳಿ. ಸೆಟ್ಟಿನ ಜೊತೆ ಬಂದ ಕೂದಲಿನ ಬ್ರಷ್ ಷೋಕೇಸಿಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕುದುರೆ ಕೂದಲಿನ ಬ್ರಷ್‌ಗಳಿಂದ ಅಂಥ್ರಾಕ್ಸ್ ಹರಡಿದ್ದು ದಾಖಲಾದ ಸಂಗತಿ. ಹೊಸ ಬ್ರಷ್ ಕೊಳ್ಳಿ, ನೈಲಾನಾದರೂ ಸರಿ.

ಜೀವ ತುಂಬುವುದು

ಮೇಲಿನ ಒಂದೆರಡು ಮಿಲಿಮೀಟರ್ ಚಾಕುವಿನಿಂದ ಕೆರೆದು ತೆಗೆಯಿರಿ. ಬೂದಿಯಂತೆ ಕಾಣುವ ಬಿಳಿ ಪುಡಿಯೂ ಧೂಳೂ ಅದರಲ್ಲೇ ಹೋಗುತ್ತವೆ. ಹೊಸದಾಗಿ ಕಂಡ ಮೈಗೆ ಬೆರಳು ಒದ್ದೆ ಮಾಡಿ ಉಜ್ಜಿ, ಆ ನೊರೆಯನ್ನು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ, ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ.

ತುಂಬ ಬಿರುಕು ಬಿಟ್ಟ ಬಿಲ್ಲೆಯನ್ನು ಕರಗಿಸಲು ಒಲೆ ಮೇಲಿಡುವುದು ಸಾಮಾನ್ಯ ತಪ್ಪು. ಯಂತ್ರದಲ್ಲಿ ಅರೆದು ಒತ್ತಿದ ಗಟ್ಟಿ ಸೋಪು ಬೆಣ್ಣೆಯ ಹಾಗೆ ಕರಗುವುದಿಲ್ಲ, ಅಂಟು ಮುದ್ದೆಯಾಗಿ ತಳ ಹಿಡಿಯುತ್ತದೆ. ಬದಲಿಗೆ ಕ್ಯಾರೆಟ್ ತುರಿಯುವ ಮಣೆಯಲ್ಲಿ ತುರಿಯಿರಿ. 100 ಗ್ರಾಂ ತುರಿಗೆ ಮೂರು ಚಹಾ ಚಮಚ ಬೆಚ್ಚಗಿನ ಕ್ಯಾನಿನ ನೀರು, ಒಂದು ಚಮಚ ಗ್ಲಿಸರಿನ್ ಚಿಮುಕಿಸಿ, ಅಕ್ಕಿಹಿಟ್ಟು ಕಲಸುವಂತೆ ಬೆರಳ ತುದಿಯಲ್ಲಿ ಕಲಸಿ, ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಅಗಲ ಬಾಯಿಯ ಸ್ಟೀಲ್ ಬಟ್ಟಲಿಗೆ ಹೆಬ್ಬೆರಳಲ್ಲಿ ಅದುಮಿ ತುಂಬಿ, ಮೂರು ದಿನ ನೆರಳಲ್ಲಿ ಬಿಡಿ. ಸ್ಟಿಕ್ ಸೋಪಿಗೂ ಇದೇ ದಾರಿ. ಸ್ಟಿಕ್ ಗಟ್ಟಿಯಾಗಿಯೇ ಇದ್ದರೆ ತುರಿಯಬೇಡಿ. ಒದ್ದೆ ಗಡ್ಡದ ಮೇಲೆ ಕೂದಲಿಗೆ ಎದುರಾಗಿ ಐದಾರು ಸಲ ಉಜ್ಜಿ, ಬ್ರಷ್ ಆಡಿಸಿದರೆ ಸಾಕು.

ನೊರೆ

ಬಿಲ್ಲೆಯ ಮೇಲೆ ಒಂದು ಚಮಚ ಬಿಸಿನೀರು ಹಾಕಿ ಹದಿನೈದು ನಿಮಿಷ ಬಿಡಿ, ಅಷ್ಟರಲ್ಲಿ ಸ್ನಾನ ಮುಗಿಸಿ. ಬ್ರಷ್ಷನ್ನು ಎರಡು ನಿಮಿಷ ನೆನೆಸಿ, ಹನಿ ನಿಲ್ಲುವ ತನಕ ಕೊಡವಿ. ಬಿಲ್ಲೆಯ ಮೇಲೆ ಹಗುರಾಗಿ ಸುತ್ತಿಸಿ. ಹೊಸ ಸೋಪಿಗೆ ಅರ್ಧ ನಿಮಿಷ ಸಾಕು, ಹಳೆಯದಕ್ಕೆ ಪೂರಾ ಒಂದು ನಿಮಿಷ ಕೊಡಿ. ಬ್ರಷ್ಷಿನ ತುದಿ ದಪ್ಪ ಗಂಜಿಯಲ್ಲಿ ಅದ್ದಿದ ಹಾಗೆ ಕಾಣಬೇಕು. ಈಗ ಬೇರೆ ಬಟ್ಟಲಿನಲ್ಲೋ ಮುಖದ ಮೇಲೋ ತಿರುಗಿಸುತ್ತ, ಅರ್ಧರ್ಧ ಚಮಚ ನೀರು ನಾಲ್ಕೈದು ಸಲ ಸೇರಿಸಿ. ಪ್ರತಿ ಸಲವೂ ಇಪ್ಪತ್ತು ಸುತ್ತು. ಹದ ಬಂದಾಗ ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ, ಗಟ್ಟಿ ಮೊಸರಿನ ಮೇಲಿನ ಹೊಳಪು ಬರುತ್ತದೆ, ಬ್ರಷ್ ಎತ್ತಿದರೆ ತುದಿ ಬಾಗಿ ನಿಲ್ಲುತ್ತದೆ.

ದೊಡ್ಡ ಗುಳ್ಳೆ ಎದ್ದರೆ ಸೋಪು ಕಡಿಮೆ, ನೀರು ಜಾಸ್ತಿ: ಮತ್ತೆ ಬಿಲ್ಲೆಗೆ ಹೋಗಿ. ನೊರೆ ಹಿಟ್ಟಿನಂತೆ ಒಣಗಿ ಬ್ಲೇಡು ಎಳೆದರೆ ನೀರು ಸಾಲದು. ಮೊದಲು ಚೆನ್ನಾಗಿ ಬಂದು ಐದು ನಿಮಿಷದೊಳಗೆ ಇಂಗಿದರೆ, ಬ್ರಷ್ ನೆನೆಸಲು ಬೋರ್ ನೀರು ಬಳಸಿದ್ದೀರಿ. ಬ್ರಷ್ಷಿನ ಹೊಟ್ಟೆಯಲ್ಲಿ ನಿಂತ ಆ ನೀರೇ ಸಾಕು ಕೆಡಿಸಲು. ಉರಿ ಬಂದರೆ ಮುಖವನ್ನು ತಣ್ಣೀರಲ್ಲಿ ತೊಳೆದು ಪಟಿಕ ಸವರಿ, ಒಂದು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ.

ಮುಗಿದಮೇಲೆ ಬಿಲ್ಲೆಯ ಮೇಲಿನ ನೊರೆ ತೊಳೆದು, ಬಟ್ಟಲನ್ನು ಓರೆಯಾಗಿ ಇಟ್ಟು ಗಾಳಿಗೆ ಒಣಗಿಸಿ. ಒದ್ದೆ ಸೋಪಿಗೆ ತಗಡಿನ ಮುಚ್ಚಳ ಹಾಕಿದರೆ ತುಕ್ಕು ಸೋಪಿಗೇ ಇಳಿಯುತ್ತದೆ. ಎರಡು ಸೋಪು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸುವುದು ಒಳ್ಳೇದು. ಒಡೆಯದ ಡಬ್ಬಿಗಳನ್ನು ಕಾಗದ ಸುತ್ತಿ ತಂಪಾದ ಕಪಾಟಿನಲ್ಲಿಡಿ. ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಗೆ ಸೋಪು ಇಡುವ ಅಭ್ಯಾಸ ನಮ್ಮ ಕಡೆ ಇದ್ದದ್ದೇ. ಆದರೆ ಅಲ್ಲಿ ನುಸಿಗುಳಿಗೆ ಇದ್ದರೆ ಆ ವಾಸನೆ ಹಿಡಿದ ಸೋಪಿನಿಂದ ಎಷ್ಟು ಕೆರೆದರೂ ಬಿಡುವುದಿಲ್ಲ.