ಕನ್ನಡ ಹೆಸರಿನ ಫೈಲ್‌ಗಳನ್ನು ಟರ್ಮಿನಲ್‌ನಲ್ಲಿ ಒಟ್ಟಿಗೆ ತಿದ್ದುವುದು

ಕಾಸರಗೋಡಿನ ಕಡೆ ಒಂದೇ ಊರಿಗೆ ಎರಡು ಮೂರು ಬರಹ. ನಾಲ್ಕಾರು ಜನ ಕಳಿಸಿದ ಯಕ್ಷಗಾನದ ಫೋಟೋಗಳನ್ನು ಒಂದು ಫೋಲ್ಡರಿಗೆ ಹಾಕಿದರೆ ಕುಂಬ್ಳ-1, ಕುಂಬ್ಳೆ-2, ಕುಂಬಳೆ-3 ಎಂದು ಚೆಲ್ಲಾಪಿಲ್ಲಿ. ಒಂದೊಂದಾಗಿ ತಿದ್ದುತ್ತ ಕೂರಬೇಕಿಲ್ಲ, ಪರ್ಲ್ ಭಾಷೆಯಲ್ಲಿ ಬರೆದ ರಿನೇಮ್ ಎಂಬ ಆಜ್ಞೆ ಸಾಕು. ಇಲ್ಲಿನ ಶಾಲೆಗಳ ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುವ ಕೈಟ್ ಗ್ನೂ ಲಿನಕ್ಸ್ ಉಬುಂಟು ಮೂಲದ್ದು; ಅದರಲ್ಲಿ ರಿನೇಮ್ ಇಲ್ಲದಿದ್ದರೆ ಅದೇ ಹೆಸರಿನ ಪ್ಯಾಕೇಜನ್ನು ತಂತ್ರಾಂಶ ಹಾಕುವ ಆಪ್ಟ್ ಆಜ್ಞೆಯಿಂದ ಹಾಕಿಕೊಳ್ಳಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಅದೇ ಹೆಸರಿನಲ್ಲಿ ಬರುವುದು ಬೇರೆಯೇ ಆಜ್ಞೆ.

ಫೋಲ್ಡರಿನ ನಕಲು ಇಟ್ಟುಕೊಂಡು, ಸಿಡಿ ಆಜ್ಞೆಯಿಂದ ಅದರೊಳಗೇ ಹೋಗಿ. ಹೊರಗಿನಿಂದ ದಾರಿ ಸಮೇತ ಕೊಟ್ಟರೆ ಫೋಲ್ಡರಿನ ಹೆಸರಿಗೂ ಪ್ಯಾಟರ್ನ್, ಅಂದರೆ ನಾವು ಹುಡುಕಲು ಕೊಡುವ ಬರಹ, ತಾಗಬಹುದು.

ರಿನೇಮ್ -ಎನ್ 'ಎಸ್/ಕುಂಬ್ಳೆ|ಕುಂಬ್ಳ/ಕುಂಬಳೆ/' *.ಜೆಪಿಜಿ

ಮೊದಲ ಓರೆಗೆರೆಯ ಆಚೆ ಹುಡುಕುವ ಹೆಸರುಗಳು, ಎರಡನೆಯದರ ಆಚೆ ಹೊಸ ಹೆಸರು; ನಡುವಿನ | ಎಂದರೆ 'ಅಥವಾ'. ಊರಿನ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. -ಎನ್ ಇದ್ದರೆ ಯಾವ ಹೆಸರು ಏನಾಗಲಿದೆ ಎಂದು ತೋರಿಸುತ್ತದೆ, ಬದಲಿಸುವುದಿಲ್ಲ. ಪಟ್ಟಿಯನ್ನು ಪೂರ್ತಿ ಓದಿ, ಆಮೇಲೆ -ಎನ್ ತೆಗೆದು ಓಡಿಸಿ. ಒಂದೊಂದೇ ಫೈಲಿನ ಹೆಸರು ಬದಲಿಸುವ ಎಮ್‌ವಿ ಆಜ್ಞೆಯಲ್ಲಿ ಮಾತ್ರ -ಎನ್‌ಗೆ ಬೇರೆ ಅರ್ಥ: ಅದು ಪೂರ್ವನೋಟವಲ್ಲ, ಇರುವ ಫೈಲಿನ ಮೇಲೆ ಬರೆಯಬೇಡ ಎಂದು. ಇವೆರಡನ್ನು ಬೆರೆಸಿಕೊಳ್ಳಬೇಡಿ.

ಕುಂಬ್ಳೆ ಮೊದಲು, ಕುಂಬ್ಳ ಆಮೇಲೆ ಇರಲೇಬೇಕು. ಕಂಪ್ಯೂಟರಿಗೆ ಕುಂಬ್ಳೆ ಎಂದರೆ ಕುಂಬ್ಳ, ಅದರ ಹಿಂದೆ ಒಂದು ಎತ್ವದ ಚಿಹ್ನೆ. ಗಿಡ್ಡದ್ದನ್ನು ಮೊದಲು ಕೊಟ್ಟರೆ ಆ ಎತ್ವ ಹಾಗೇ ಉಳಿದು, 'ಕುಂಬಳೆ' ಆದ ಮೇಲೆ ಳಕಾರಕ್ಕೆ ಎರಡು ಎತ್ವ ಅಂಟುತ್ತದೆ. ಎಣಿಕೆಯಲ್ಲೂ ಇದೇ ಕಥೆ. ಕುಂಬಳೆ ನಮಗೆ ಮೂರಕ್ಷರ. ಯೂನಿಕೋಡ್‌ನಲ್ಲಿ ಕ, ಉತ್ವ, ಸೊನ್ನೆ, ಬ, ಳ, ಎತ್ವ ಎಂದು 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದುವ ಬ್ಯಾಶ್‌ಗೆ ಒಂದು ? ಎಂದರೆ ಒಂದು ಸಂಕೇತ. ಆದ್ದರಿಂದ ಅಲ್ಲಿ ???-* ಎಂದರೆ ಕುಂಬಳೆ-3 ಸಿಗುವುದಿಲ್ಲ, ??????-* ಎನ್ನಬೇಕು.

ಕುಂಬ್ಳ-1, ಕುಂಬ್ಳೆ-1 ಎರಡೂ ಇದ್ದರೆ ಎರಡಕ್ಕೂ ಒಂದೇ ಹೊಸ ಹೆಸರು ಬರುತ್ತದೆ. ಪರ್ಲ್ ರಿನೇಮ್ ಎರಡನೆಯದನ್ನು ಮುಟ್ಟದೆ ಬಿಡುತ್ತದೆ, -ಎಫ್ ಹಾಕಿದರೆ ಮಾತ್ರ ಮೊದಲಿನದನ್ನು ಅಳಿಸಿಬಿಡುತ್ತದೆ. ರಿನೇಮ್‌ಗೆ -ಎಫ್ ಹಾಕಲೇಬೇಡಿ.

ಕಣ್ಣಿಗೆ ಸರಿಯಾಗಿಯೇ ಕಾಣುವ ಮಂಜೇಶ್ವರ ಪ್ಯಾಟರ್ನಿಗೆ ಸಿಗದಿದ್ದರೆ ಫೈಲು ಹಳೆಯ ಮ್ಯಾಕ್‌ನಿಂದ ಬಂದಿರಬಹುದು. ಅಲ್ಲಿನ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆಯ ಡಿಸ್ಕು 'ಜೇ'ಯ ಏತ್ವವನ್ನು ಎತ್ವ, ದೀರ್ಘ ಎಂದು ಎರಡಾಗಿ ಒಡೆದು ಇಡುತ್ತದೆ. ಅದನ್ನು ಕೂಡಿಸಲು, ಹೆಸರಿನ ಸಂಕೇತ ಬದಲಿಸುವ ಕಾನ್ವ್‌ಎಮ್‌ವಿ ಆಜ್ಞೆ (ಇದನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ; ಇಲ್ಲಿ -ಎಫ್ ಎಂದರೆ ಯಾವ ಸಂಕೇತದಿಂದ, -ಟಿ ಎಂದರೆ ಯಾವುದಕ್ಕೆ ಎಂದಷ್ಟೇ): ಕಾನ್ವ್‌ಎಮ್‌ವಿ -ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ *. ಇದು ತಾನಾಗಿ ಪೂರ್ವನೋಟವಷ್ಟೇ ಕೊಡುತ್ತದೆ. ನಿಜಕ್ಕೂ ಬದಲಿಸಲು --ನೋಟೆಸ್ಟ್ ಸೇರಿಸಿ, ಆಮೇಲೆ ರಿನೇಮ್ ಓಡಿಸಿ.